ಸಂಚಿಕೆ ಮುಗಿದ ಮೇಲಿನ ಆ ಒಂದು ತಿಂಗಳು

(ಓದುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಇಲ್ಲಿ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಾರಪತ್ರಿಕೆ ಮನೆಗೆ ಬಂದ ಕೂಡಲೆ ನಮ್ಮ ದೊಡ್ಡಮ್ಮ ಮೊದಲು ತೆಗೆಯುತ್ತಿದ್ದದ್ದು ಧಾರಾವಾಹಿಯ ಪುಟ. ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಒಂದೇ ಉಸಿರಿಗೆ ಓದಿ ಮುಗಿಸುವರು. ಕೊನೆಯಲ್ಲಿ 'ಸಶೇಷ' ಎಂದಿರುತ್ತಿತ್ತು. ಪತ್ರಿಕೆ ಮಡಿಸಿಟ್ಟು, "ಅಲ್ಲ ಕಣೆ, ಆ ಹುಡುಗಿ ಬಾಯಲ್ಲಿ ಆ ಮಾತು ಆಡಿಸಬಾರದಿತ್ತು ಇವರು. ಅವಳು ಅಂಥೋಳಲ್ಲ" ಅಂತ ಅಮ್ಮನ ಹತ್ತಿರ ಹೇಳುವರು. ಅಮ್ಮ, "ಮುಂದಿನ ವಾರ ಏನಾಗತ್ತೋ ನೋಡೋಣ ಇರಿ ಅಕ್ಕ" ಅನ್ನೋರು. ದೊಡ್ಡಮ್ಮ ಒಪ್ಪುತ್ತಿರಲಿಲ್ಲ. "ಮುಂದಿನ ವಾರದ್ದು ಮುಂದಿನ ವಾರ. ಈ ವಾರ ಆಡಿಸಿದಾರಲ್ಲ?"

ಇವತ್ತು ನಾನು ಮಾತಾಡಬೇಕೆಂದಿರುವುದು ಅಮೆರಿಕದ ಸೂಪರ್‌ಹೀರೊ ಕಾಮಿಕ್ಸ್ ಮತ್ತು ಅದನ್ನು ಓದುವವರ ಬಗ್ಗೆ. ಆದರೆ ನಾನು ಹೇಳಬೇಕಾದದ್ದೆಲ್ಲ ದೊಡ್ಡಮ್ಮನ ಆ ಒಂದು ಮಾತಿನಲ್ಲೇ ಇದೆ.

2016ರ ಮೇ 25, ಬುಧವಾರ. ಅಮೆರಿಕದ ಕಾಮಿಕ್ಸ್ ಅಂಗಡಿಗಳಿಗೆ ಹೊಸ ಸಂಚಿಕೆಗಳು ಬರುತ್ತಿದ್ದದ್ದು ಬುಧವಾರವೇ. ಮಾರ್ವೆಲ್ ಕಂಪನಿಯ ಸೂಪರ್‌ಹೀರೊ ಕ್ಯಾಪ್ಟನ್ ಅಮೆರಿಕ ಹುಟ್ಟಿ ಎಪ್ಪತ್ತೈದು ತುಂಬಿದ ವರ್ಷ ಅದು. ಅದಕ್ಕೆ ಹಿಂದಿನ ಕೆಲವು ತಿಂಗಳು 'ಅವೆಂಜರ್ಸ್: ಸ್ಟ್ಯಾಂಡಾಫ್' ಎಂಬ ಕ್ರಾಸೋವರ್ ನಡೆದಿತ್ತು. ಕ್ರಾಸೋವರ್ ಅಂದರೆ ಬೇರೆ ಬೇರೆ ಪುಸ್ತಕಗಳ ನಾಯಕರೆಲ್ಲ ಒಂದೇ ಕಥೆಯೊಳಗೆ ಬಂದು ಸೇರುವುದು. ಅದರಲ್ಲಿ ಶಕ್ತಿ ಕಳೆದುಕೊಂಡು ಮುದುಕನಾಗಿದ್ದ ಸ್ಟೀವ್ ರೋಜರ್ಸ್‌ಗೆ, ಅಂದರೆ ಕ್ಯಾಪ್ಟನ್ ಅಮೆರಿಕನಿಗೆ, ಕೋಬಿಕ್ ಎಂಬ ಪುಟ್ಟ ಹುಡುಗಿ ಯೌವನ ಮರಳಿಸಿದ್ದಳು. ಆಕೆ ಹುಡುಗಿಯೂ ಅಲ್ಲ. ಲೋಕವನ್ನೇ ಬೇಕಾದ ಹಾಗೆ ತಿದ್ದಿಬಿಡುವ ಕಾಸ್ಮಿಕ್ ಕ್ಯೂಬ್ ಎಂಬ ವಸ್ತು ಹುಡುಗಿಯ ರೂಪ ತಾಳಿದ್ದು. ಈಗ ಸ್ಟೀವ್ ಹಳೆಯ ಮೈಕಟ್ಟಿನೊಂದಿಗೆ, ಹೊಸ ಗುರಾಣಿಯೊಂದಿಗೆ ತನ್ನದೇ ಪುಸ್ತಕಕ್ಕೆ ವಾಪಸಾಗುತ್ತಿದ್ದಾನೆ. ಬರೆದವರು ನಿಕ್ ಸ್ಪೆನ್ಸರ್, ಚಿತ್ರ ಹೆಸೂಸ್ ಸಾಯಿಸ್ ಅವರದು.

ಸಂಚಿಕೆಯ ನಡುನಡುವೆ 1926ರ ದೃಶ್ಯಗಳು ಬರುತ್ತವೆ. ಸ್ಟೀವ್ ಇನ್ನೂ ಚಿಕ್ಕವನು. ಗಂಡನಿಂದ ಏಟು ತಿಂದ ತಾಯಿ ಸಾರಾಳನ್ನು ಅಪರಿಚಿತ ಹೆಂಗಸೊಬ್ಬಳು ಕಾಪಾಡುತ್ತಾಳೆ, ಸ್ನೇಹ ಬೆಳೆಸುತ್ತಾಳೆ, ಒಂದು ಸಭೆಗೆ ಕರೆಯುತ್ತಾಳೆ. ಆ ಸಭೆ ಹೈಡ್ರಾ ಎಂಬ ಸಂಘಟನೆಯದು, ಕ್ಯಾಪ್ಟನ್ ಅಮೆರಿಕನ ಬದ್ಧವೈರಿಗಳದು. ಇತ್ತ ಇಂದಿನ ಕಥೆಯಲ್ಲಿ ಒಂದು ವಿಮಾನ. ಜಾಕ್ ಫ್ಲ್ಯಾಗ್ ಎಂಬ ಹಳೆಯ ಜೊತೆಗಾರ ನೆರವಿಗೆಂದು ಬಂದಿದ್ದಾನೆ. ಕ್ಯಾಪ್ಟನ್ ಅಮೆರಿಕ ಅವನನ್ನು ವಿಮಾನದಿಂದ ಹೊರಕ್ಕೆ ತಳ್ಳಿಬಿಡುತ್ತಾನೆ. ಪುಟ ತಿರುಗಿಸಿದರೆ ಕೊನೆಯ ಪುಟ, ಪುಟದ ತುಂಬ ಅವನೊಬ್ಬನೇ. ಎರಡೇ ಪದ: "ಹೇಲ್ ಹೈಡ್ರಾ." ಹೈಡ್ರಾಕ್ಕೆ ಜಯವಾಗಲಿ ಅಂತ.

ಅಷ್ಟೇ. ಮುಂದಿನ ಸಂಚಿಕೆಗೆ ಒಂದು ತಿಂಗಳು ಕಾಯಬೇಕು.

ಆ ದಿನ ಸಂಜೆಯೊಳಗೆ ಕಾಮಿಕ್ಸ್ ಮುಟ್ಟಿಯೂ ನೋಡದವರಿಗೂ ಸುದ್ದಿ ತಲುಪಿತ್ತು. ಕ್ಯಾಪ್ಟನ್ ಅಮೆರಿಕ ಮೊದಲಿನಿಂದಲೂ ಶತ್ರುಪಕ್ಷದ ಗೂಢಚಾರನಂತೆ! ಸಿನಿಮಾದಲ್ಲಿ ಆ ಪಾತ್ರ ಮಾಡಿದ ಕ್ರಿಸ್ ಇವಾನ್ಸ್ ಕೂಡ ನಂಬಲಾಗದೆ ಟ್ವೀಟ್ ಮಾಡಿದರು. ಓದುಗರಲ್ಲಿ ಒಂದು ಪಾಲು ಜನ ಅಂದದ್ದು, ಇದು ಬರೀ ಮಾರಾಟದ ಗಿಮಿಕ್ಕು, ಆರು ತಿಂಗಳಲ್ಲಿ ಸರಿಹೋಗುತ್ತದೆ, ಸುಮ್ಮನಿರಿ ಅಂತ. ಇನ್ನೊಂದು ಪಾಲು ಜನ ಸುಮ್ಮನಿರಲಿಲ್ಲ. ಅವರ ನೋವು ಏನೆಂದು ತಿಳಿಯಬೇಕಾದರೆ ಇನ್ನೊಂದು ಪುಟವನ್ನು ನೋಡಬೇಕು.

ಅದು ಕ್ಯಾಪ್ಟನ್ ಅಮೆರಿಕನ ಮೊಟ್ಟಮೊದಲ ಮುಖಪುಟ. ಮೇಲೆ ಅಚ್ಚಾದ ತಿಂಗಳು ಮಾರ್ಚ್ 1941, ಅಂಗಡಿಗೆ ಬಂದದ್ದು 1940ರ ಡಿಸೆಂಬರ್ ಕೊನೆಗೆ. ಮಾಡಿದವರು ಜೋ ಸೈಮನ್ ಮತ್ತು ಜಾಕ್ ಕರ್ಬಿ. ಇಬ್ಬರೂ ವಲಸೆ ಬಂದ ಯೆಹೂದಿ ಮನೆತನದ ಹುಡುಗರು. ಕರ್ಬಿಯ ಹುಟ್ಟುಹೆಸರು ಜೇಕಬ್ ಕರ್ಟ್ಸ್‌ಬರ್ಗ್. ಮುಖಪುಟದಲ್ಲಿ ಕ್ಯಾಪ್ಟನ್ ಅಮೆರಿಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಹಿಟ್ಲರ್ ಹಿಂದಕ್ಕೆ ವಾಲಿದ್ದಾನೆ. ಸುತ್ತ ನಿಂತ ಸೈನಿಕರು ಗುಂಡು ಹಾರಿಸುತ್ತಿದ್ದಾರೆ, ಒಂದು ಗುಂಡು ಗುರಾಣಿಗೆ ತಗುಲಿ ಚಿಮ್ಮಿದೆ. ಅಮೆರಿಕ ಯುದ್ಧಕ್ಕೆ ಇಳಿದದ್ದು 1941ರ ಡಿಸೆಂಬರಿನಲ್ಲಿ. ಅಂದರೆ ಈ ಚಿತ್ರ ಬಂದಾಗ ಯುದ್ಧ ನಮಗೆ ಯಾಕೆ ಎನ್ನುವ ಅಮೆರಿಕನ್ನರು ಬೇಕಾದಷ್ಟು ಮಂದಿ ಇದ್ದರು. ಹಿಟ್ಲರನನ್ನು ಮೆಚ್ಚುವವರೂ ಇದ್ದರು: 1939ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜರ್ಮನ್ ಅಮೆರಿಕನ್ ಬಂಡ್ ಎಂಬ ನಾಜಿ ಪರ ಸಂಘಟನೆ ಕರೆದ ಸಭೆಗೆ ಇಪ್ಪತ್ತು ಸಾವಿರ ಜನ ಸೇರಿದ್ದರು.

ಆ ಸಂಚಿಕೆಗೆ ಬಂದ ಪ್ರತಿಕ್ರಿಯೆಯನ್ನು ಸೈಮನ್ ಮುಂದೆ ನೆನಪಿಸಿಕೊಂಡಿದ್ದಾರೆ. ಬೆದರಿಕೆ ಪತ್ರಗಳು, ಫೋನುಗಳು. ಕಚೇರಿಯ ಹೊರಗೆ ಯಾರು ಯಾರೋ ಸುಳಿದಾಡಿ, ಊಟಕ್ಕೆ ಹೊರಗೆ ಹೋಗಲೂ ಸಿಬ್ಬಂದಿಗೆ ಹೆದರಿಕೆ. ಪೊಲೀಸರು ಕಾವಲಿಗೆ ಬಂದರು. ನ್ಯೂಯಾರ್ಕಿನ ಮೇಯರ್ ಲಾಗಾರ್ಡಿಯಾ ತಾವೇ ಫೋನು ಮಾಡಿ, ನೀವು ಮಾಡುತ್ತಿರುವುದು ಒಳ್ಳೆಯ ಕೆಲಸ, ನಿಮಗೇನೂ ಆಗದಂತೆ ಊರು ನೋಡಿಕೊಳ್ಳುತ್ತದೆ ಎಂಬರ್ಥದ ಮಾತು ಹೇಳಿದರಂತೆ.

ಆ ಗುದ್ದಿಗೆ ಬೆಲೆ ತೆತ್ತವರ ಮೊಮ್ಮಕ್ಕಳು, ಅದನ್ನು ಗೋಡೆಗೆ ಅಂಟಿಸಿಕೊಂಡು ಬೆಳೆದವರು 2016ರ ಕೊನೆಯ ಪುಟವನ್ನು ನೋಡಿದಾಗ ಏನನ್ನಿಸಿರಬೇಡ? ಹೈಡ್ರಾ ಅಂದರೆ ನಾಜಿಗಳಲ್ಲ, ಅದು 1965ರಲ್ಲಿ ಹುಟ್ಟಿದ ಬೇರೆಯದೇ ಕಾಲ್ಪನಿಕ ಸಂಘಟನೆ ಎಂಬ ಸಮರ್ಥನೆ ಕೇಳಿಬಂತು. ಕಾಗದದ ಮೇಲೆ ಅದು ಸರಿ. ಆದರೆ ಅದೇ ಕಂಪನಿಯ ಕಥೆಗಳಲ್ಲಿ ಹೈಡ್ರಾವನ್ನು ನಡೆಸಿದವನು ಬ್ಯಾರನ್ ಸ್ಟ್ರಕರ್ ಎಂಬ ನಾಜಿ. ಸಿನಿಮಾದಲ್ಲಂತೂ ಅದು ಹಿಟ್ಲರನ ಸೇನೆಯ ಒಳಗೇ ಬೆಳೆದದ್ದು. ಎಪ್ಪತ್ತೈದು ವರ್ಷ ಓದುಗರ ಮನಸ್ಸಿನಲ್ಲಿ ಕೂಡಿಬಂದ ಅರ್ಥವನ್ನು ಒಂದು ತಾಂತ್ರಿಕ ಮಾತಿನಿಂದ ತೆಗೆದುಹಾಕಲಾಗುವುದಿಲ್ಲ.

ಇನ್ನೊಂದು ಉತ್ತರ, "ಕಾದು ನೋಡಿ" ಎನ್ನುವುದು. ನನಗೆ ನಿಜಕ್ಕೂ ತಕರಾರಿರುವುದು ಇದರ ಮೇಲೆ. ಯಾಕೆಂದರೆ ಸಂಚಿಕೆ ಬಂದ ಆ ವಾರ ಬರಹಗಾರರೇ ಸಂದರ್ಶನದಲ್ಲಿ, ಇವನು ನಕಲಿಯಲ್ಲ, ವೇಷಧಾರಿಯಲ್ಲ, ಇವನ ಬುದ್ಧಿಯನ್ನು ಯಾರೂ ವಶ ಮಾಡಿಕೊಂಡಿಲ್ಲ, ಇವನೇ ನಿಜವಾದ ಸ್ಟೀವ್ ರೋಜರ್ಸ್ ಎಂದು ಒತ್ತಿ ಹೇಳಿದ್ದರು. ಜೂನ್ ಕೊನೆಗೆ ಎರಡನೆಯ ಸಂಚಿಕೆ ಬಂತು. ಅದರಲ್ಲಿ ಗುಟ್ಟು ಹೊರಬಿತ್ತು: ಯೌವನ ಮರಳಿಸುವಾಗ ಕೋಬಿಕ್ ಅವನ ಗತಕಾಲವನ್ನೇ ಬದಲಿಸಿಬಿಟ್ಟಿದ್ದಾಳೆ. ಮೇ ತಿಂಗಳಲ್ಲಿ ನಂಬಿ ಅತ್ತವರನ್ನು ಜೂನ್ ತಿಂಗಳಲ್ಲಿ, ಕಾಯಲಾರದ ಅವಸರದವರು ಎಂದು ಕರೆಯುವುದು ನ್ಯಾಯವಲ್ಲ.

ಸಂಚಿಕೆ ಎನ್ನುವುದು ಇಡೀ ಪುಸ್ತಕದಿಂದ ಹರಿದ ಹಾಳೆಯಲ್ಲ. ಅದಕ್ಕೆ ಅದರದೇ ಮುಖಪುಟ, ಅದರದೇ ಬೆಲೆ, ಅದರದೇ ಕೊನೆ. ಓದುಗ ದುಡ್ಡು ಕೊಟ್ಟು ಕೊಂಡದ್ದು ಅದನ್ನು. ಕೊನೆಯ ಪುಟದಲ್ಲಿ ಅವನಿಗೆ ಆಘಾತವಾಗಲಿ ಅಂತಲೇ ಅದನ್ನು ಕಟ್ಟಿರುತ್ತಾರೆ. ಆಘಾತ ಮಾಡಿ, ಆಘಾತಗೊಂಡಿದ್ದಕ್ಕೆ ಬೈಯುವಂತಿಲ್ಲ. ಆ ಖಾಲಿ ತಿಂಗಳಲ್ಲಿ ಓದುಗರು ಆಡುವ ಮಾತು, ಊಹೆ, ಜಗಳ, ಸಿಟ್ಟು ಎಲ್ಲವೂ ಧಾರಾವಾಹಿ ಕಥೆಯ ಭಾಗವೇ. ಅದಿಲ್ಲದಿದ್ದರೆ ತಿಂಗಳಿಗೊಂದು ಬಿಡಿಸಿ ಕೊಡುವ ಅಗತ್ಯವೇ ಇರಲಿಲ್ಲ.

ಈ ಮಾತಿಗೆ ಚರಿತ್ರೆಯೂ ಇದೆ. ಅದನ್ನು ಫ್ಲ್ಯಾಶ್ ಎಂಬ ಓಟಗಾರನ ಮೂಲಕ ಹೇಳುತ್ತೇನೆ, ಯಾಕೆಂದರೆ ಅವನು ನನಗೆ ತೀರಾ ಇಷ್ಟದವನು.

ಬ್ಯಾರಿ ಆಲೆನ್ 1956ರಲ್ಲಿ ಹುಟ್ಟಿದ ಪಾತ್ರ. ಪೊಲೀಸ್ ಇಲಾಖೆಯ ವಿಜ್ಞಾನಿ. ಬಿಡುವಿನಲ್ಲಿ ಕಾಮಿಕ್ಸ್ ಓದುತ್ತಾನೆ, ಅದರಲ್ಲೂ ಜೇ ಗ್ಯಾರಿಕ್ ಎಂಬ ಹಳೆಯ ಫ್ಲ್ಯಾಶ್‌ನ ಕಥೆಗಳನ್ನು. ತನಗೆ ಮಿಂಚಿನ ವೇಗ ಬಂದಾಗ ತಾನು ಮೆಚ್ಚಿದ ಆ ನಾಯಕನ ಹೆಸರನ್ನೇ ಇಟ್ಟುಕೊಳ್ಳುತ್ತಾನೆ. ಅಂದರೆ ಅವನು ಸೂಪರ್‌ಹೀರೊ ಆಗುವ ಮೊದಲು ಒಬ್ಬ ಅಭಿಮಾನಿ. 1961ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಗಾರ್ಡ್ನರ್ ಫಾಕ್ಸ್ ಬರೆದು ಕಾರ್ಮೈನ್ ಇನ್ಫಾಂಟಿನೊ ಚಿತ್ರಿಸಿದ ಕಥೆಯಲ್ಲಿ ಬ್ಯಾರಿ ಅಕಸ್ಮಾತ್ತಾಗಿ ಇನ್ನೊಂದು ಭೂಮಿಗೆ ದಾಟಿಬಿಡುತ್ತಾನೆ. ಅಲ್ಲಿ ಜೇ ಗ್ಯಾರಿಕ್ ನಿಜವಾಗಿ ಬದುಕಿದ್ದಾನೆ! ಕಥೆ ಓದುತ್ತಿದ್ದವನು ಕಥೆಯೊಳಗಿನವನ ಮನೆ ಬಾಗಿಲು ತಟ್ಟುತ್ತಾನೆ. ಈ ಕಥೆಗಳನ್ನು ತರುವ ಡಿಸಿ ಎಂಬ ಇನ್ನೊಂದು ಕಾಮಿಕ್ಸ್ ಕಂಪನಿಯ ಕ್ರಾಸೋವರುಗಳಿಗೆಲ್ಲ ಬೇರು ಇಲ್ಲಿದೆ. ಆ ಬೇರಿನಲ್ಲೇ ಒಬ್ಬ ಓದುಗನಿದ್ದಾನೆ ಎನ್ನುವುದು ನನಗೆ ಪ್ರತಿ ಸಲವೂ ರೋಮಾಂಚನ ತರುತ್ತದೆ.

ಅದೇ ಕಾಲಕ್ಕೆ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಓದುಗರ ಪತ್ರಗಳ ಜೊತೆಗೆ ಬರೆದವರ ಪೂರ್ತಿ ವಿಳಾಸವನ್ನೂ ಅಚ್ಚುಹಾಕತೊಡಗಿದರು. ಬೇರೆ ಬೇರೆ ಊರಿನ ಓದುಗರು ಒಬ್ಬರಿಗೊಬ್ಬರು ನೇರವಾಗಿ ಪತ್ರ ಬರೆದುಕೊಂಡರು. ಸೈಕ್ಲೋಸ್ಟೈಲ್‌ನಂಥ ಸಣ್ಣ ಯಂತ್ರಗಳಲ್ಲಿ ತಾವೇ ಪತ್ರಿಕೆ ಮಾಡಿದರು. ಅಲ್ಲಿಂದ ಎದ್ದುಬಂದ ರಾಯ್ ಥಾಮಸ್ ಮುಂದೆ ಮಾರ್ವೆಲ್ ಕಂಪನಿಯ ಪ್ರಧಾನ ಸಂಪಾದಕರೇ ಆದರು.

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಡಿಸಿಯಲ್ಲಿ ಭೂಮಿಗಳು ಲೆಕ್ಕ ತಪ್ಪುವಷ್ಟಾದವು. 1981ರಲ್ಲಿ 'ಗ್ರೀನ್ ಲ್ಯಾಂಟರ್ನ್' ಪುಸ್ತಕದ ಪತ್ರಗಳ ಪುಟದಲ್ಲಿ ಒಬ್ಬ ಓದುಗ ಕೇಳಿದ: ಹಿಂದೆಯೇ ಭೇಟಿಯಾಗಿದ್ದವರನ್ನು ಈ ಕಥೆಯಲ್ಲಿ ಗುರುತೇ ಹಿಡಿಯಲಿಲ್ಲವಲ್ಲ, ಯಾಕೆ? ಆಗ ಆ ಸರಣಿ ಬರೆಯುತ್ತಿದ್ದ ಮಾರ್ವ್ ವೋಲ್ಫ್‌ಮನ್, ಒಂದಲ್ಲ ಒಂದು ದಿನ ಇದನ್ನೆಲ್ಲ ಸರಿಮಾಡುತ್ತೇವೆ ಎಂಬಂತೆ ಉತ್ತರ ಕೊಟ್ಟರು. ಕೊಟ್ಟ ಮೇಲೆ ಆ ಯೋಚನೆ ತಲೆಯಲ್ಲೇ ಕೂತುಬಿಟ್ಟಿತು. ಹಾಗೆ ಹುಟ್ಟಿದ್ದು 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್', 1985ರ ಏಪ್ರಿಲ್‌ನಿಂದ 1986ರ ಮಾರ್ಚ್‌ವರೆಗೆ ಹನ್ನೆರಡು ಸಂಚಿಕೆ, ಚಿತ್ರ ಜಾರ್ಜ್ ಪೆರೆಜ್ ಅವರದು. ಇಡೀ ವಿಶ್ವವನ್ನು ಕೆಡವಿ ಕಟ್ಟಿದ ಕಥೆಗೆ ಮೂಲ ಒಬ್ಬ ಓದುಗನ ಕಾಗದ.

ಅದರ ಏಳನೆಯ ಸಂಚಿಕೆಯ ಮುಖಪುಟ ನನಗೆ ಮೊದಲು ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ. ಆಗ ನನಗೆ ಹದಿನಾಲ್ಕೋ ಹದಿನೈದೋ. ಆರನೆಯದೂ ಇಲ್ಲ, ಎಂಟನೆಯದೂ ಇಲ್ಲ, ಅದೊಂದೇ. ಸೂಪರ್‌ಮ್ಯಾನ್ ತನ್ನ ಚಿಕ್ಕಪ್ಪನ ಮಗಳು ಸೂಪರ್‌ಗರ್ಲ್‌ಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತಿದ್ದಾನೆ. ಅವಳ ತಲೆ ಹಿಂದಕ್ಕೆ ಜೋತುಬಿದ್ದಿದೆ, ಉಡುಪು ಹರಿದಿದೆ. ಅವನ ಕೆನ್ನೆಯ ಮೇಲೆ ನೀರು. ಹಿಂದೆ ಸಾಲುಸಾಲಾಗಿ ನಿಂತ ವೀರರೆಲ್ಲ ಚಿಕ್ಕದಾಗಿ ಕಾಣುತ್ತಾರೆ. ಸೂಪರ್‌ಮ್ಯಾನ್ ಅಳಬಲ್ಲ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮುಂದೇನಾಯಿತು ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಅಷ್ಟೂ ವರ್ಷ ಆ ಒಂದು ಸಂಚಿಕೆಯೇ ನನಗೆ ಪೂರ್ತಿ ಕಥೆಯಾಗಿತ್ತು.

ಎಂಟನೆಯ ಸಂಚಿಕೆಯಲ್ಲಿ ಬ್ಯಾರಿ ಆಲೆನ್ ಸಾಯುತ್ತಾನೆ. ಭೂಮಿಗೆ ಗುರಿಯಿಟ್ಟ ಯಂತ್ರವನ್ನು ಒಡೆಯಲು ಅದರ ಸುತ್ತ ಓಡುತ್ತ, ಓಡುತ್ತ, ಮೈ ಸವೆದು ಕರಗಿಹೋಗುತ್ತಾನೆ. ಹತ್ತಿರ ಗೆಳೆಯರು ಯಾರೂ ಇಲ್ಲ. ಆ ಗಳಿಗೆಯಲ್ಲಿ ಅವನ ಜೊತೆಗಿದ್ದವರು ಓದುಗರು.

ಅಭಿಮಾನಿಗಳು ಆ ಎರಡು ಸಾವುಗಳನ್ನು ಒಂದೇ ರೀತಿಯಲ್ಲಿ ತೆಗೆದುಕೊಳ್ಳಲಿಲ್ಲ. ಫ್ಲ್ಯಾಶ್ ಸತ್ತ, ಅವನ ಶಿಷ್ಯ ವಾಲಿ ವೆಸ್ಟ್ ಆ ಉಡುಪು ತೊಟ್ಟ, ಗುರುವನ್ನು ನೆನೆಯುತ್ತಲೇ ಬೆಳೆದ. ಅದು ದುಃಖ, ಆದರೆ ತಡೆದುಕೊಳ್ಳಬಹುದಾದ ದುಃಖ. ಸೂಪರ್‌ಗರ್ಲ್ ವಿಷಯ ಹಾಗಲ್ಲ. ವಿಶ್ವ ಮತ್ತೆ ಕಟ್ಟಿದ ಮೇಲೆ ಅವಳು ಹುಟ್ಟಿಯೇ ಇರಲಿಲ್ಲ ಎಂದಾಯಿತು. ಯಾರಿಗಾಗಿ ಪ್ರಾಣ ಕೊಟ್ಟಳೋ ಆ ಅಣ್ಣನಿಗೂ ಅವಳ ನೆನಪಿಲ್ಲ. 1959ರಿಂದ ಅವಳ ಕಥೆ ಓದುತ್ತ ಬಂದವರಿಗೆ ಸಾವಿಗಿಂತ ಆ ಮರೆವು ಸಹಿಸಲಾಗಲಿಲ್ಲ. ನಾವು ಕಂಡದ್ದನ್ನು ನೀವು ಕಂಡೇ ಇಲ್ಲ ಎಂದು ಯಾರಾದರೂ ಹೇಳಿದರೆ ಹೇಗಾಗುತ್ತದೆ, ಹಾಗೆ.

ಇದಕ್ಕೆ ಕಥೆಯ ಒಳಗಿಂದಲೇ ಉತ್ತರ ಬಂದದ್ದು 1989ರಲ್ಲಿ. ಕ್ರಿಸ್‌ಮಸ್ ವಿಶೇಷ ಸಂಚಿಕೆಯೊಂದಕ್ಕೆ ಅಲನ್ ಬ್ರೆನರ್ಟ್ ಪುಟ್ಟ ಕಥೆ ಬರೆದರು. ಡೆಡ್‌ಮ್ಯಾನ್ ಎಂಬ ಪ್ರೇತ, ಎಷ್ಟು ಒಳ್ಳೆಯದು ಮಾಡಿದರೂ ಯಾರ ಕಣ್ಣಿಗೂ ಬೀಳೆನಲ್ಲ ಎಂದು ನೊಂದುಕೊಂಡಿದ್ದಾನೆ. ಒಬ್ಬ ಹೊಂಗೂದಲಿನ ಹುಡುಗಿ ಬಂದು ಅವನ ಜೊತೆ ಮಾತಾಡುತ್ತಾಳೆ. ಯಾರೋ ನೋಡಲಿ, ನೆನೆಯಲಿ ಅಂತ ನಾವು ಒಳ್ಳೆಯದು ಮಾಡುವುದಿಲ್ಲವಲ್ಲ ಎಂದು ಸಮಾಧಾನ ಹೇಳುತ್ತಾಳೆ. ಹೋಗುವಾಗ ಅವನು ಹೆಸರು ಕೇಳುತ್ತಾನೆ. ಕಾರಾ ಅನ್ನುತ್ತಾಳೆ, ಆ ಹೆಸರು ನಿನಗೆ ಏನೂ ಹೇಳಲಿಕ್ಕಿಲ್ಲ ಎಂದೂ ಸೇರಿಸುತ್ತಾಳೆ. ಅವನಿಗೆ ಗೊತ್ತಿಲ್ಲ. ಓದುವವರಿಗೆ ಗೊತ್ತು, ಅದು ಸೂಪರ್‌ಗರ್ಲ್‌ಳ ಹೆಸರು. ನಾಲ್ಕು ವರ್ಷದ ಓದುಗರ ಅಳಲನ್ನು ಕಿವಿಗೊಟ್ಟು ಕೇಳಿದವರಷ್ಟೇ ಬರೆಯಬಲ್ಲ ಸಾಲು ಅದು.

ಪ್ರತಿಕ್ರಿಯೆಯನ್ನು ಕೇಳುವುದಕ್ಕೂ ಅದನ್ನು ಎಣಿಸುವುದಕ್ಕೂ ವ್ಯತ್ಯಾಸವಿದೆ. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಕಿರಿಯ ಜೊತೆಗಾರ, ಎರಡನೆಯ ರಾಬಿನ್, ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂದು ಡಿಸಿ ಎರಡು ಫೋನ್ ನಂಬರ್ ಕೊಟ್ಟು ಓದುಗರನ್ನೇ ಕೇಳಿತು. ಕರೆಗೆ 50 ಸೆಂಟು, ಮೂವತ್ತಾರು ಗಂಟೆ ಸಮಯ. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಎಪ್ಪತ್ತೆರಡು ಕರೆಗಳ ಅಂತರದಲ್ಲಿ ಹುಡುಗ ಸತ್ತ. ನಾನು ಅದನ್ನು ಓದುಗರ ಗೆಲುವು ಎನ್ನಲಾರೆ. ಮೆಚ್ಚಿನ ಪಾತ್ರಕ್ಕಾಗಿ ಮರುಗಿ ಪತ್ರ ಬರೆಯುವವರಿಗೂ ಕುತೂಹಲಕ್ಕೆ ಫೋನು ಒತ್ತುವವರಿಗೂ ಅಲ್ಲಿ ಒಂದೇ ತೂಕ.

1994ರಲ್ಲಿ ಹ್ಯಾಲ್ ಜೋರ್ಡನ್ ಎಂಬ ಗ್ರೀನ್ ಲ್ಯಾಂಟರ್ನ್ ಮೂರೇ ಸಂಚಿಕೆಗಳಲ್ಲಿ ಕೊಲೆಗಾರನಾಗಿ, ಆಮೇಲೆ 'ಜೀರೊ ಅವರ್' ಕ್ರಾಸೋವರಿನ ಖಳನಾದಾಗ ಅಭಿಮಾನಿಗಳು ಸಂಘವನ್ನೇ ಕಟ್ಟಿ ವರ್ಷಗಟ್ಟಲೆ ಬರೆದರು. ಅವನು ಮರಳಿದ್ದು 2004ರಲ್ಲಿ. ಅವನ ಜಾಗಕ್ಕೆ ಬಂದ ಹೊಸಬನ ಗೆಳತಿಯನ್ನು ಕೊಂದು ಫ್ರಿಜ್ಜಿನಲ್ಲಿಟ್ಟ ದೃಶ್ಯವೊಂದು ಆ ಸರಣಿಯಲ್ಲಿದೆ. ಆಗ ಕೇಶ ವಿನ್ಯಾಸದ ಕೆಲಸ ಮಾಡುತ್ತಿದ್ದ ಗೇಲ್ ಸಿಮೋನ್ ಎಂಬ ಓದುಗಿ 1999ರಲ್ಲಿ, ಕಥಾನಾಯಕನಿಗೆ ಸಿಟ್ಟು ಬರಿಸಲೆಂದೇ ಹೀಗೆ ಕೊಲ್ಲಲ್ಪಟ್ಟ, ಊನಗೊಂಡ ಹೆಣ್ಣು ಪಾತ್ರಗಳ ಪಟ್ಟಿ ಮಾಡಿ ಬರಹಗಾರರ ಮುಂದಿಟ್ಟರು. ಬೈಗುಳ ಒಂದೂ ಇಲ್ಲ, ಬರೀ ಹೆಸರುಗಳು. ಮುಂದೆ ಅವರೇ ಡಿಸಿಗೆ ಬರೆಯತೊಡಗಿದರು. ಓದುಗರ ಪ್ರತಿಕ್ರಿಯೆ ವಿಮರ್ಶೆಯ ಎತ್ತರಕ್ಕೆ ಹೋಗಬಲ್ಲದು ಎನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. 2012ರ ಕೊನೆಗೆ, ನಾಯಕನೇ ಸಾಯುವ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 700ನೆಯ ಸಂಚಿಕೆ ಬಂದಾಗ ಬರಹಗಾರ ಡ್ಯಾನ್ ಸ್ಲಾಟ್‌ಗೆ ಕೊಲೆ ಬೆದರಿಕೆಗಳು ಬಂದವು. ಇದಕ್ಕೆ ಅಭಿಮಾನ ಎಂಬ ಹೆಸರು ಸಲ್ಲದು. ಅಂದು ಸೈಮನ್, ಕರ್ಬಿ ಅವರಿಗೆ ಬೆದರಿಕೆ ಹಾಕಿದವರು ನಾಜಿಗಳ ಪರದವರು. ಕ್ಯಾಪ್ಟನ್ ಅಮೆರಿಕನನ್ನು ಪ್ರೀತಿಸುತ್ತೇನೆ ಎನ್ನುವವರಾಗಲಿ, ಸ್ಪೈಡರ್‌ಮ್ಯಾನನ್ನು ಪ್ರೀತಿಸುತ್ತೇನೆ ಎನ್ನುವವರಾಗಲಿ ಆ ಸಾಲಿನಲ್ಲಿ ಹೋಗಿ ನಿಲ್ಲಬಾರದು.

ಅಂಗಡಿಯವರ ಕಷ್ಟವನ್ನೂ ಮರೆಯಬಾರದು. ಅಲ್ಲಿನ ಅಂಗಡಿಗಳು ಸಂಚಿಕೆಗಳಿಗೆ ತಿಂಗಳುಗಟ್ಟಲೆ ಮುಂಚೆ ಆರ್ಡರ್ ಕೊಡಬೇಕು, ಮಾರಾಟವಾಗದೆ ಉಳಿದದ್ದನ್ನು ಸಾಮಾನ್ಯವಾಗಿ ವಾಪಸು ಕೊಡುವ ಹಾಗಿಲ್ಲ. ಮೊದಲ ಸಂಚಿಕೆ ಓದಿ ಸಿಟ್ಟಾದ ಗಿರಾಕಿ, ನನ್ನ ಹೆಸರಿಗೆ ತೆಗೆದಿಡುವುದು ಬೇಡ ಎಂದರೆ, ಎರಡನೆಯದಕ್ಕೂ ಮೂರನೆಯದಕ್ಕೂ ದುಡ್ಡು ಹಾಕಿ ಕೂತವರು ಆ ಅಂಗಡಿಯವರು.

2017ರ ಏಪ್ರಿಲ್‌ನಲ್ಲಿ 'ಸೀಕ್ರೆಟ್ ಎಂಪೈರ್' ಶುರುವಾಯಿತು. ಹೈಡ್ರಾದ ಸ್ಟೀವ್ ಅಮೆರಿಕವನ್ನೇ ಹಿಡಿದುಕೊಳ್ಳುವ ಕಥೆ, 0ಯಿಂದ 10ರವರೆಗೆ ಸಂಚಿಕೆಗಳು, ಜೊತೆಗೆ ಇತರ ಪುಸ್ತಕಗಳಿಗೆ ಹರಡಿದ ಉಪಕಥೆಗಳು. ಪ್ರಚಾರಕ್ಕೆಂದು ಹೈಡ್ರಾ ಗುರುತಿನ ಅಂಗಿಗಳನ್ನು ಅಂಗಡಿಗಳಿಗೆ ಕಳಿಸಿದಾಗ, ಹಾಕಿಕೊಳ್ಳುವುದಿಲ್ಲ ಎಂದ ಅಂಗಡಿಯವರಿದ್ದರು. ಮೇ ತಿಂಗಳ ಉಚಿತ ಸಂಚಿಕೆಯಲ್ಲಿ ಅವನು ಥಾರ್ ಎಂಬ ಇನ್ನೊಬ್ಬ ನಾಯಕನ ಸುತ್ತಿಗೆಯನ್ನೇ ಎತ್ತಿಬಿಟ್ಟ. ಯೋಗ್ಯನಾದವನು ಮಾತ್ರ ಎತ್ತಬಲ್ಲ ಸುತ್ತಿಗೆ ಅದು. ಓದುಗರು ಮತ್ತೆ ಕುದಿದರು. ಕಥೆ ಮುಗಿಯಲು ಮೂರು ವಾರವೂ ಇಲ್ಲದಿರುವಾಗ, ಆಗಸ್ಟ್ 12ರಂದು, ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ನಾಜಿ ಬಾವುಟ ಹಿಡಿದು ಜನ ನಿಜವಾಗಿಯೇ ಬೀದಿಗಿಳಿದರು. ಎದುರು ನಿಂತವರ ಮೇಲೆ ಕಾರು ಹರಿದು ಒಬ್ಬ ಹೆಣ್ಣುಮಗಳು ಸತ್ತಳು. ಇದು ಬರೀ ಕಥೆ ಅಲ್ಲವೇ, ಯಾಕಿಷ್ಟು ಬೇಸರ ಎಂದು ಒಂದು ವರ್ಷದಿಂದ ಕೇಳುತ್ತಿದ್ದವರಿಗೆ ಆ ಕೇಳುವ ಧ್ವನಿ ತಗ್ಗಿಸಬೇಕಾಯಿತು.

ಆಗಸ್ಟ್ 30ಕ್ಕೆ ಹತ್ತನೆಯ ಸಂಚಿಕೆ. ಕೋಬಿಕ್ ನಿಜವಾದ ಸ್ಟೀವ್‌ನನ್ನು ಮರಳಿ ತರುತ್ತಾಳೆ. ಇಬ್ಬರು ಸ್ಟೀವ್‌ಗಳೂ ಎದುರುಬದುರು. ಹೈಡ್ರಾದವನು ಸುತ್ತಿಗೆಗೆ ಕೈ ಹಾಕುತ್ತಾನೆ, ಅದು ಅಲ್ಲಾಡುವುದಿಲ್ಲ. ಇನ್ನೊಬ್ಬನ ಕೈಗೆ ಹಗುರಾಗಿ ಬರುತ್ತದೆ. ನನಗೆ ಆ ಪುಟ ಬಹಳ ಇಷ್ಟ. ಓದುವಾಗ ಕುರ್ಚಿಯಿಂದ ಎದ್ದು ನಿಂತಿದ್ದೆ.

ಅದನ್ನು ಓದಿದ ರಾತ್ರಿಯೇ ಹದಿನೈದು ತಿಂಗಳ ಹಿಂದಿನ ಮೊದಲ ಸಂಚಿಕೆಯನ್ನು ಕಪಾಟಿನಿಂದ ತೆಗೆದು ಕೊನೆಯ ಪುಟ ತಿರುಗಿಸಿದೆ. ಈಗ ಎಲ್ಲ ಗೊತ್ತಿದೆ, ಇವನು ಅವನಲ್ಲ ಎಂದು ಗೊತ್ತಿದೆ. ಪುಟ ಮಾತ್ರ ಹಾಗೇ ಇತ್ತು. ಅದೇ ಮುಖ, ಅದೇ ಎರಡು ಪದ. ಎದೆಯಲ್ಲಿ ಅದೇ ಧಸಕ್ಕೆಂದಿತು.